ಎರಡನೇ ಸೈಕಲ್ಲಿಗೆ ಏಳು ಕಾರಣ

ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ನನ್ನ ಹೆಂಡತಿ ಶಿವಲೀಲಾ ಅಡುಗೆಮನೆಯ ಪ್ಲಗ್ಗಿನಿಂದ ನನ್ನ ಸೈಕಲ್ಲಿನ ಚಾರ್ಜರ್ ಕಿತ್ತು ಮಿಕ್ಸಿಯ ವೈರು ಚುಚ್ಚಿದಳು. ಕೆಂಪು ದೀಪ ಆರಿತು. ಚಟ್ನಿ ತಿರುಗಿತು. ನಾನು ಕಿಟಕಿಯ ಹತ್ತಿರ ನಿಂತು, ಮಂಜಿನಿಂದ ಮೆಲ್ಲಗೆ ಹೊರಬರುತ್ತಿದ್ದ ದೊಡ್ಡರೆ ಗುಡ್ಡದ ನೆತ್ತಿಯನ್ನು ನೋಡುತ್ತ, ಇನ್ನೊಂದು ಸೈಕಲ್ ಕೊಳ್ಳುವುದೆಂದು ತೀರ್ಮಾನಿಸಿದೆ. ಒಂದು ಚಾರ್ಜಿಗೆ ನಿಂತಾಗ ಇನ್ನೊಂದು ರಸ್ತೆಯಲ್ಲಿರಬೇಕು. ಲೋಕದ ಯಾವ ಮಿಕ್ಸಿಯೂ ತಡೆಯಲಾರದ ತೀರ್ಮಾನ ಅದು!

ನಮ್ಮ ಮನೆ ಇರುವುದು ಹಾನುಬಾಳಿನಲ್ಲಿ. ಇಪ್ಪತ್ತಾರು ವರ್ಷದಿಂದ ಹಾಸನದ ಒಂದು ಪತ್ರಿಕೆಗೆ ಈ ಕಡೆಯ ಲೇಖನಗಳನ್ನು ಬರೆಯುತ್ತಿದ್ದೇನೆ. ಶಿವಲೀಲಾ ಬಸ್ ಸ್ಟ್ಯಾಂಡಿನ ಪಕ್ಕ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗುರುವಾರ ಅವಳ ಅಂಗಡಿಗೆ ರಜೆ. ಅದೇ ಗುರುವಾರ ನನಗೆ ಹಾಸನದಲ್ಲಿ ಮೀಟಿಂಗು. ಕಳೆದ ವರ್ಷ ನಾನು ಗುಡ್ಡ ಹತ್ತುವಂಥ ಬ್ಯಾಟರಿ ಸೈಕಲ್ ಕೊಂಡೆ. ನಾವು ತುಳಿದರೆ ಮೋಟಾರು ಜೊತೆಗೂಡಿ ತಳ್ಳುತ್ತದೆ. ನಾವು ನಿಲ್ಲಿಸಿದರೆ ಅದೂ ನಿಲ್ಲಿಸುತ್ತದೆ. ಈ ವಿಷಯದಲ್ಲಿ ಅದು ನಮ್ಮ ಕಚೇರಿಯ ಹಾಗೆಯೇ.

ಕೊಂಡಿದ್ದು ದೊಡ್ಡರೆಗಾಗಿ. ಆ ಗುಡ್ಡದ ಬಗ್ಗೆ ಇದುವರೆಗೆ ಹನ್ನೊಂದು ಲೇಖನ ಬರೆದಿದ್ದೇನೆ. ಹುಲ್ಲಿಗೆ ಬೆಂಕಿ ಬಿದ್ದಾಗ, ಚಾರಣಕ್ಕೆ ಬಂದವರು ದಾರಿ ತಪ್ಪಿದಾಗ, ಗಡಿ ಅಳತೆ ನಡೆದಾಗ. ಹನ್ನೊಂದನ್ನೂ ಬುಡದಲ್ಲಿರುವ ಮಹೇಶನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬರೆದೆ. ‘ನೆತ್ತಿಯಲ್ಲಿ ನಿಂತರೆ ಗಾಳಿ ಮನುಷ್ಯನನ್ನು ಹಗುರ ಮಾಡುತ್ತದೆ’ ಎಂದು ಒಂದರಲ್ಲಿ ಬರೆದಿದ್ದೆ. ಅದನ್ನು ಹೇಳಿದವನು ಟೀ ಕುಡಿಯಲು ಬಂದಿದ್ದ ಒಬ್ಬ ದನ ಕಾಯುವವ. ನಾನು ನೆತ್ತಿಗೆ ಹೋದವನೇ ಅಲ್ಲ. ಮೊದಲ ಇಪ್ಪತ್ತು ವರ್ಷ ಪುರುಸೊತ್ತಿರಲಿಲ್ಲ, ಆಮೇಲೆ ಮೊಣಕಾಲಿರಲಿಲ್ಲ.

ಸೈಕಲ್ ಬಂದ ಮೇಲೆ ಮೂರು ಸಲ ಹೊರಟೆ. ಟೀ ಅಂಗಡಿ ದಾಟಿ, ಎಸ್ಟೇಟಿನ ಜೀಪು ದಾರಿಯನ್ನೂ ದಾಟಿ, ಕೊನೆಯ ಏರಿನಲ್ಲಿ ಸಡಿಲ ಕಲ್ಲು ಶುರುವಾಗುವಲ್ಲಿ ಮೂರು ಸಲವೂ ಹಿಂದಿನ ಚಕ್ರ ಜಾರಿತು. ಮೂರು ಸಲವೂ ಅಲ್ಲೇ ನಿಂತು, ಮೇಲೆ ಬಾಗುತ್ತಿದ್ದ ಹುಲ್ಲನ್ನು ನೋಡಿ ಮನೆಗೆ ಬಂದೆ. ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರ್ ಇರುವ, ದಪ್ಪ ಟೈರಿನ ಸೈಕಲ್ಲೇ ಬೇಕು ಎಂದು ನನಗೆ ಮನವರಿಕೆಯಾಯಿತು. ರಾತ್ರಿ ಕಣ್ಣು ಮುಚ್ಚಿದರೆ ಆ ಟೈರಿನ ಹಲ್ಲುಗಳು ಕಾಣುತ್ತಿದ್ದವು.

ಆ ಸೋಮವಾರ ಸಂಜೆ ಹಳೆಯ ಪತ್ರಿಕಾ ಪ್ರಕಟಣೆಯೊಂದರ ಹಿಂಬದಿಯಲ್ಲಿ ಏಳು ಕಾರಣ ಬರೆದು, ಶಿವಲೀಲಾ ಬ್ಲೌಸಿಗೆ ಹುಕ್ ಹಾಕುತ್ತಿದ್ದಾಗ ಓದಿದೆ. ಟಾರು ರಸ್ತೆಗೆ ಒಂದು, ಕಲ್ಲಿಗೆ ಒಂದು ಎಂಬಲ್ಲಿಂದ ಶುರುಮಾಡಿದೆ. ಹಳೆಯದಕ್ಕೆ ಇತ್ತೀಚೆಗೆ ಬಂದಿರುವ ದೋಷಗಳನ್ನು ದಿನಾಂಕ ಸಮೇತ ಮಂಡಿಸಿದೆ. ಪ್ರತಿ ಶುಕ್ರವಾರ ಅದರ ಸೀಟು ಮೂರು ಬೆರಳು ಕುಸಿದಿರುತ್ತದೆ. ಬುಧವಾರ ತುಂಬಿಟ್ಟ ಚಾರ್ಜು ಶುಕ್ರವಾರಕ್ಕೆ ಅರ್ಧವಾಗಿರುತ್ತದೆ. ಮೀಟರಂತೂ ನಿಂತಲ್ಲೇ ಹದಿನೆಂಟು ಕಿಲೋಮೀಟರ್ ಮುಂದೆ ಓಡಿರುತ್ತದೆ. ಒಳಗೇ ಏನೋ ಕೆಟ್ಟಿದೆ, ಇಂಥ ಗಾಡಿಯನ್ನು ನಂಬಿ ಗುಡ್ಡಕ್ಕೆ ಹೋಗುವುದು ಜೀವಕ್ಕೆ ಅಪಾಯ ಎಂದೆ.

ಶಿವಲೀಲಾ ಹಲ್ಲಿನಲ್ಲಿ ದಾರ ಕಚ್ಚಿ ಕತ್ತರಿಸಿದಳು. “ಹೌದಾ? ಪಾಪ, ಚೆನ್ನಾಗೇ ಐತಲ್ಲ ಅದು.”

“ಶುಕ್ರವಾರ ಮಾತ್ರ ಕೆಡುತ್ತೆ.”

“ವಾರಕ್ಕೊಂದಿನ ಯಾರಿಗಾದ್ರೂ ಕೆಡ್ತದೆ ಬಿಡಿ,” ಎಂದಳು.

ಆರು ಕಾರಣ ಓದಿ ಹಾಳೆ ಮಡಚಿದೆ. ಏಳನೆಯದನ್ನು ಓದಲಿಲ್ಲ. ಅದು ವಾದವಾಗಿರಲಿಲ್ಲ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಹೆಂಡತಿಯ ಮುಂದೆ ಗಟ್ಟಿಯಾಗಿ ಓದುವಂಥದ್ದೂ ಆಗಿರಲಿಲ್ಲ. ಹಾಳೆಯನ್ನು ಚಾರ್ಜರಿನ ಡಬ್ಬಿಯೊಳಗೆ ಇಟ್ಟೆ.

ನನ್ನ ಸ್ನೇಹಿತ ಸಂಜಯ್ ಇಲ್ಲಿಂದ ಎಂಟು ಕಿಲೋಮೀಟರ್ ದೂರದಲ್ಲಿ ಹೋಮ್‌ಸ್ಟೇ ನಡೆಸುತ್ತಾನೆ. ಅತಿಥಿಗಳಿಗೆಂದು ದಪ್ಪ ಟೈರಿನ ನಾಲ್ಕು ಸೈಕಲ್ ತರಿಸಿದ್ದ. ಅತಿಥಿಗಳು ಒಮ್ಮೆ ಹತ್ತಿ, ಒಮ್ಮೆ ಬಿದ್ದು, ಆಮೇಲೆ ವರಾಂಡದಲ್ಲಿ ಕೂತು ಕೇರಂ ಆಡುತ್ತಿದ್ದರು. ಒಂದನ್ನು ಮಾರುತ್ತೇನೆ, ನಾಲ್ಕು ದಿನ ಇಟ್ಟುಕೊಂಡು ನೋಡು ಎಂದ. ಬುಧವಾರ ನನ್ನ ಸೈಕಲ್ ಏರಿ ಹೋದೆ. ಹೋಗಿ ತಲುಪಿದ ಮೇಲೆ, ಎರಡು ಸೈಕಲ್ಲುಗಳ ಒಡೆತನದ ಬಗ್ಗೆ ಏಳು ಕಾರಣಗಳಲ್ಲಿ ಎಲ್ಲೂ ಬರೆಯದಿದ್ದ ಸತ್ಯವೊಂದು ಎದುರಾಯಿತು. ಈಗ ಎರಡು ಸೈಕಲ್ ಇದ್ದವು, ನಾನು ಒಬ್ಬನೇ ಇದ್ದೆ.

ಆದರೂ ಒಂದರ ಮೇಲೆ ಕೂತು, ಇನ್ನೊಂದರ ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿದು ಹೊರಟೆ. ಗೇಟಿನ ತನಕ ನಾವು ಮೂವರೂ ಒಟ್ಟಿಗಿದ್ದೆವು. ಗೇಟಿನಲ್ಲಿ ಒಂದು ಎಡಕ್ಕೆ ಚರಂಡಿಗೆ, ಒಂದು ಬಲಕ್ಕೆ ಬೇಲಿಗೆ ಹೋಯಿತು. ನಾನು ಯಾವ ಪಕ್ಷಕ್ಕೂ ಸೇರದೆ ನಡುವೆ ಬಿದ್ದೆ. ಸಂಜಯ್ ಬಂದು ಮೂವರನ್ನೂ ಎತ್ತಿದ. ಹಳೆಯದು ಇಲ್ಲೇ ಇರಲಿ, ಭಾನುವಾರ ಭೂತಯ್ಯನ ಜೀಪಿನಲ್ಲಿ ಕಳಿಸುತ್ತೇನೆ ಎಂದ.

ಸಂಜೆ ಶಿವಲೀಲಾ ಜಗುಲಿಯಲ್ಲಿ ಹೊಸ ಸೈಕಲ್ ನೋಡಿದಳು. ಮೊದಲು ಕೇಳಿದ್ದು ಹಳೆಯದರ ಬಗ್ಗೆ.

“ನಮ್ ಸೈಕಲ್ ಎಲ್ಲಿ?”

ಹೇಳಿದೆ.

“ಭಾನುವಾರದ ತನಕ ಬರಲ್ವಾ? ನಾಳೆ ಗುರುವಾರ ಕಣ್ರೀ.”

“ಗುರುವಾರ ಆದರೆ ಏನು?”

“ಏನಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಬಂದು, ಬ್ಯಾಟರಿಯ ಕೀಲಿ ಎಲ್ಲಿ ಹಾಕುವುದು ಎಂದು ಕೇಳಿದಳು. ಬ್ರೇಕ್ ಯಾವ ಕಡೆ ಗಟ್ಟಿ, ಸೀಟು ಹೇಗೆ ಇಳಿಸುವುದು ಎಂದೆಲ್ಲ ವಿಚಾರಿಸಿದಳು. ನಾನು ಅರ್ಧ ಗಂಟೆ ಸವಿಸ್ತಾರವಾಗಿ ವಿವರಿಸಿದೆ. ನನ್ನ ವಾದ ಅವಳ ಮನಸ್ಸಿಗೆ ಇಳಿಯುತ್ತಿದೆ ಎಂದುಕೊಂಡೆ. ಇಪ್ಪತ್ತಾರು ವರ್ಷ ಇನ್ನೊಬ್ಬರ ಪ್ರಶ್ನೆಗಳ ಹಿಂದೆ ಏನಿದೆ ಎಂದು ಹುಡುಕುವುದೇ ನನ್ನ ಕಸುಬು ಎಂಬುದನ್ನು ಓದುಗರು ಇಲ್ಲಿ ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಗುರುವಾರ ಎಂಟರ ಬಸ್ಸಿಗೆ ಹಾಸನಕ್ಕೆ ಹೊರಟೆ. ಸಕಲೇಶಪುರ ದಾಟಿ ಪಾಳ್ಯದ ಹತ್ತಿರ ಹೋಗುವಾಗ ಕಚೇರಿಯಿಂದ ಫೋನ್ ಬಂತು. ಇನ್ನು ಮೇಲೆ ಗುರುವಾರದ ಮೀಟಿಂಗು ಫೋನಿನಲ್ಲೇ, ಯಾರೂ ಬರಬೇಕಾಗಿಲ್ಲ. ಪಾಳ್ಯದಲ್ಲಿ ಇಳಿದು ಎದುರಿನ ಬಸ್ಸು ಹತ್ತಿದೆ. ಇಡೀ ಮಧ್ಯಾಹ್ನ ನನ್ನದು, ಹೊಸ ಸೈಕಲ್ ನನ್ನದು, ದೊಡ್ಡರೆಯೂ ನನ್ನದೇ ಎಂದು ಬಸ್ಸಿನ ಕಿಟಕಿಯಲ್ಲಿ ನನ್ನಷ್ಟಕ್ಕೆ ನಗುತ್ತ ಬಂದೆ.

ಹನ್ನೊಂದೂವರೆಗೆ ಮನೆ ತಲುಪಿದರೆ ಬಾಗಿಲಿಗೆ ಬೀಗ. ಜಗುಲಿ ಖಾಲಿ.

ಶಿವಲೀಲಾ ಗುರುವಾರ ಗುರುವಾರ ನೂಲು, ಗುಂಡಿ ತರಲು ಸಕಲೇಶಪುರಕ್ಕೆ ಹೋಗುತ್ತಾಳೆ ಎಂಬುದು ನನ್ನ ಖಚಿತ ಮಾಹಿತಿ. ಅವಳ ಫೋನು ಸಿಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಯಾರೋ ಸೈಕಲ್ ಹೊಡೆದುಕೊಂಡು ಹೋಗಿದ್ದಾರೆ. ಅದೂ ಇನ್ನೂ ನನ್ನದಾಗದ, ಸಂಜಯನ ಸೈಕಲ್. ಎರಡು ಸೈಕಲ್ಲಿನ ಒಡೆಯನಾಗಲು ಹೊರಟವನು ಈಗ ಮೆಟ್ಟಿಲ ಮೇಲೆ ಒಂದೂ ಇಲ್ಲದೆ ಕೂತಿದ್ದೆ.

ಆಗ ಆನೆ ಗುಂಪು ನೆನಪಾಯಿತು.

ನಮ್ಮ ಕಡೆ ಆನೆ ಎಲ್ಲಿದೆ ಎಂದು ತಿಳಿಯದೆ ಯಾರೂ ಮನೆಯಿಂದ ಹೊರಡುವುದಿಲ್ಲ. ಅದಕ್ಕೆಂದೇ ಊರವರ ಒಂದು ವಾಟ್ಸಾಪ್ ಗುಂಪಿದೆ, ನಾನೂರ ಹನ್ನೆರಡು ಜನ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದ ಶಾಂತಮಲ್ಲಪ್ಪನವರು ಅದರ ಅಡ್ಮಿನ್. ಸ್ಥಳ, ಸಂಖ್ಯೆ, ಯಾವ ಕಡೆ, ಸ್ಥಿತಿ: ಈ ನಾಲ್ಕು ಬಿಟ್ಟು ಐದನೆಯ ವಿಷಯ ಅಲ್ಲಿ ನಿಷಿದ್ಧ. ಗುಲಾಬಿ ಹೂವಿನ ಜೊತೆ ಶುಭೋದಯ ಹಾಕಿದ ಒಬ್ಬರನ್ನು ಅವರು ಅದೇ ಬೆಳಿಗ್ಗೆ ಹೊರಗೆ ಹಾಕಿದ್ದರು. ಆದ್ದರಿಂದ ನಾನು ಬುದ್ಧಿವಂತಿಕೆಯಿಂದ ನಿಯಮದ ಪ್ರಕಾರವೇ ಬರೆದೆ: ‘ಸ್ಥಳ: ನಮ್ಮ ಜಗುಲಿ. ಸಂಖ್ಯೆ: ಒಂದು, ಹಸಿರು ಬ್ಯಾಟರಿ ಸೈಕಲ್. ಯಾವ ಕಡೆ: ತಿಳಿಯದು. ಸ್ಥಿತಿ: ಕಳುವಾಗಿದೆ. ಕಂಡವರು ತಡೆದು ತಿಳಿಸಿ.’

ಎರಡು ನಿಮಿಷಕ್ಕೆ ಎಸ್ಟೇಟಿನ ಕೂಲಿ ಲೈನಿನ ಮನೆಯಿಂದ ದ್ರಾಕ್ಷಾಯಣಿ ಉತ್ತರಿಸಿದರು. ‘ಸ್ಥಳ: ಬಂಗಲೆ ತಿರುವು, ಬೆಳಿಗ್ಗೆ ಒಂಬತ್ತು. ಸಂಖ್ಯೆ: ಒಂದು, ಹೆಣ್ಣು. ಯಾವ ಕಡೆ: ದೊಡ್ಡರೆ. ಸ್ಥಿತಿ: ಶಾಂತವಾಗಿದೆ, ಹಾಡು ಹೇಳಿಕೊಂಡು ಹೋಯಿತು.’

ಕಳ್ಳಿ! ಅದೂ ಹಾಡು ಹೇಳುವ ಕಳ್ಳಿ. ಮನಸ್ಸಿನಲ್ಲೇ ಶೀರ್ಷಿಕೆ ಕೊಟ್ಟೆ.

ಆಮೇಲೆ ಟೀ ಅಂಗಡಿಯ ಮಹೇಶ: ‘ಒಂಟಿ. ಒಂಬತ್ತೂವರೆಗೆ ಇಲ್ಲಿ ನಿಂತು ಟೀ ಕುಡಿದು ಎರಡು ಬನ್ ಕಟ್ಟಿಸಿಕೊಂಡು ಮೇಲೆ ಹೋಯ್ತು. ಪ್ರತಿ ಗುರುವಾರ ಇದೇ ದಾರಿ. ಯಾರಿಗೂ ತೊಂದರೆ ಮಾಡಿಲ್ಲ.’ ಅದರ ಕೆಳಗೆ ಇನ್ಯಾರೋ, ‘ದಯವಿಟ್ಟು ಯಾರೂ ಪಟಾಕಿ ಹೊಡೆದು ಗಾಬರಿ ಮಾಡಬೇಡಿ’ ಎಂದರು. ಇಡೀ ಊರಿಗೆ ಗೊತ್ತಿರುವ ಕಳ್ಳಿ ವರದಿಗಾರನಿಗೆ ಗೊತ್ತಿಲ್ಲದ್ದು ಹೇಗೆ ಎಂದು ನನಗೆ ಸ್ವಲ್ಪ ಅವಮಾನವೂ ಆಯಿತು.

ಹನ್ನೆರಡೂಕಾಲಿಗೆ ಜೀಪಿನ ಭೂತಯ್ಯ ಫೋಟೊ ಹಾಕಿದ. ಜೀಪು ದಾರಿಯ ಅಂಚಿನ ಬಂಡೆಯ ಮೇಲೆ, ಹಸಿರು ಸೈಕಲ್ಲಿಗೆ ಬೆನ್ನು ಕೊಟ್ಟು, ನನ್ನದೇ ಸ್ವೆಟರ್ ತೊಟ್ಟು ಶಿವಲೀಲಾ ಕೂತಿದ್ದಳು. ಕೈಯಲ್ಲಿ ಅರ್ಧ ಬನ್. ಕೂದಲು ಗಾಳಿಗೆ ಒಂದು ಕಡೆ ಹಾರಿತ್ತು. ಅವಳ ಹಿಂದೆ, ಮೇಲೆ, ನಾನು ಮೂರು ಸಲ ನಿಂತು ನೋಡಿ ವಾಪಸಾದ ಅದೇ ಹುಲ್ಲು. ಕೆಳಗೆ ಭೂತಯ್ಯನ ಸಾಲು: ‘ತಡ್ದಿವ್ನಿ ಸಾ. ನಮ್ ಶಿವಲೀಲಕ್ಕ ಕಣ್ಸಾ. ಹಿಡ್ಕಂಡಿರ್ಲಾ, ಬುಟ್ಬುಡ್ಲಾ?’

ನಾನು ಉತ್ತರ ಬರೆಯುವಷ್ಟರಲ್ಲಿ ಶಾಂತಮಲ್ಲಪ್ಪನವರ ಸಂದೇಶ ಬಂತು. ‘ಇದು ಆನೆ ಗುಂಪು. ಸಂಸಾರದ ವಿಷಯ ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳುವುದು.’ ಮರುಕ್ಷಣ ನಾನು ಗುಂಪಿನಲ್ಲಿರಲಿಲ್ಲ. ನಾನೂರ ಹನ್ನೊಂದು ಜನ ಉಳಿದರು, ಎಲ್ಲರೂ ಫೋಟೊ ನೋಡಿದವರು.

ಒಂದು ಗಂಟೆಗೆ ಅವಳು ಬಂದಳು. ಮುಂದೆ ಸೈಕಲ್, ಅದರ ಹಿಂದೆ ನಾಲ್ಕೂ ಲೈಟು ಮಿನುಗಿಸಿಕೊಂಡು ಭೂತಯ್ಯನ ಜೀಪು, ಅದರ ಹಿಂದೆ ಎರಡು ಬೈಕು. ಆನೆಯನ್ನು ಊರು ದಾಟಿಸುವಾಗ ನಮ್ಮಲ್ಲಿ ಹೀಗೇ ಬರುತ್ತಾರೆ. ಭೂತಯ್ಯ ಇಳಿಯದೆಯೇ ಕೈಮುಗಿದು, ಗಾಡಿ ತಿರುಗಿಸಿಕೊಂಡು ಹೋದ.

ಶಿವಲೀಲಾ ಸೈಕಲ್ ನಿಲ್ಲಿಸಿ, ಸೀಟನ್ನು ಮೂರು ಬೆರಳು ಮೇಲೆತ್ತಿದಳು. “ಹಳೇದ್ರಲ್ಲಿ ಯಾವಾಗ್ಲೂ ಮರ್ತುಬಿಡ್ತೀನಿ,” ಎಂದಳು.

ಎಷ್ಟು ದಿನದಿಂದ ಎಂದು ಕೇಳಿದೆ. ದಸರಾ ಕಳೆದ ಮೇಲಿಂದ, ಗುರುವಾರ ಗುರುವಾರ. ಹೋಗಲು ಒಂಬತ್ತು ಕಿಲೋಮೀಟರ್, ಬರಲು ಒಂಬತ್ತು. ನನ್ನ ಕೆಟ್ಟುಹೋದ ಮೀಟರು ಒಂದು ಕಿಲೋಮೀಟರನ್ನೂ ತಪ್ಪಾಗಿ ಬರೆದಿರಲಿಲ್ಲ.

“ನೆತ್ತಿಗಾ? ಆ ಕಲ್ಲಿನಲ್ಲಿ ಹಳೆಯದು ಹತ್ತಲ್ಲ.”

“ಇಳಿದು ತಳ್ಕಂಡು ಹೋಗೋದು. ಈ ಗುಂಡಿ ಒತ್ತಿ ಹಿಡ್ಕಂಡ್ರೆ ಅದೇ ನಮ್ ಜೊತೆ ನಡ್ಕಂಡು ಬರ್ತದೆ. ಹಳೇದ್ರಲ್ಲೂ ಐತೆ. ನೋಡಿಲ್ವಾ?”

ಆ ಗುಂಡಿ ಲೈಟಿನದು ಎಂದು ನಾನು ಒಂದು ವರ್ಷದಿಂದ ತಿಳಿದಿದ್ದೆ. ಲೈಟು ಕೆಟ್ಟಿದೆ ಎಂಬುದು ಕಾರಣಗಳ ಪಟ್ಟಿಯಲ್ಲಿ ನಾಲ್ಕನೆಯದು.

ಊಟಕ್ಕೆ ಕೂತಾಗ ಮೇಲೆ ಏನಿದೆ ಎಂದು ಕೇಳಿದೆ. ಹನ್ನೊಂದು ಲೇಖನ ಬರೆದವನು ಕೇಳಬೇಕಾದ ಪ್ರಶ್ನೆಯಲ್ಲ. ಅವಳು ಅನ್ನ ಕಲಸುತ್ತ ಸ್ವಲ್ಪ ಯೋಚಿಸಿದಳು.

“ಗಾಳಿ,” ಎಂದಳು. “ಒಂದು ಚಪ್ಪಟೆ ಕಲ್ಲೈತೆ, ಬೆಚ್ಚಗಿರ್ತದೆ. ನಮ್ಮನೆ ನೀಲಿ ಟ್ಯಾಂಕ್ ಕಾಣ್ತದೆ.”

“ನೋಡ್ತಿರ್ತೀಯಾ?”

“ಕಾಣ್ತದೆ ಅಂದೆ.”

ನಾನು ಧೈರ್ಯ ಮಾಡಿದೆ. ಹಾಗಾದರೆ ಎರಡನೆಯದು ಬೇಕೇ ಬೇಕು, ಸಂಜಯನಿಗೆ ಇವತ್ತೇ ಹೇಳಿಬಿಡುತ್ತೇನೆ ಎಂದೆ. ಅವಳು ಎದ್ದು ಕೈ ತೊಳೆದು, ಚಾರ್ಜರಿನ ಡಬ್ಬಿಯಿಂದ ಮಡಚಿದ ಹಾಳೆ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

“ಏಳನೇದು ಓದಿದೆ,” ಎಂದಳು.

‘ಎರಡಿದ್ದರೆ ಇಬ್ಬರೂ ಹೋಗಬಹುದು’ ಎಂದಷ್ಟೇ ಅಲ್ಲಿ ಬರೆದಿತ್ತು.

ನಾನು ಸಾರಿನ ಕಡೆ ನೋಡಿದೆ. ಅವಳು ಹೇಳಿದಳು, ಮೆಲ್ಲಗೆ, ಅಳತೆ ತೆಗೆಯುವಾಗ ಹೇಳುವ ಹಾಗೆ: “ಆ ಆರಕ್ಕೂ ಹೂಂ ಅಂತಿದ್ದೆ ಕಣ್ರೀ. ಈ ಏಳನೇದಕ್ಕೇ ಬೇಡ ಅಂತಿರೋದು.”

“ಯಾಕೆ?”

“ನೀವ್ ಬಂದ್ರೆ ಮಾತಾಡ್ತೀರಿ. ಬೆಂಕಿ ಯಾವ ವರ್ಷ ಬಿತ್ತು, ಗಡಿಕಲ್ಲು ಎಲ್ಲೈತೆ, ಅಳತೆಗೆ ಯಾರ್ ಬಂದಿದ್ರು ಅಂತ. ಅಂಗಡೀಲಿ ಆರ್ ದಿನ ಎಲ್ರ ಮಾತೂ ಕೇಳ್ತೀನಿ. ಅಲ್ಲಿ ಒಂದ್ ಗಂಟೆ ಯಾರೂ ಇರಲ್ಲ.” ಆಮೇಲೆ ತಟ್ಟೆ ಎತ್ತಿಕೊಳ್ಳುತ್ತ, “ನೀವ್ ಭಾನುವಾರ ಹೋಗಿ. ಗುಂಡಿ ತೋರಿಸಿಕೊಡ್ತೀನಿ,” ಎಂದಳು.

ಬಚ್ಚಲಿನ ಕಡೆ ಹೋದವಳು ಬಾಗಿಲಲ್ಲಿ ನಿಂತು ತಿರುಗಿದಳು. ಇವತ್ತು ಬೇಗ ಬಂದಿರಲ್ಲ ಎಂದು ಆಗ ಹೊಳೆದಿರಬೇಕು.

“ಬರೋ ಗುರುವಾರ ಹಾಸನದಲ್ಲಿ ಮೀಟಿಂಗ್ ಐತಲ್ಲ?”

“ಐತೆ,” ಎಂದೆ.

ಭಾನುವಾರ ಸಂಜಯನ ಸೈಕಲ್ ಭೂತಯ್ಯನ ಜೀಪಿನಲ್ಲಿ ವಾಪಸ್ ಹೋಗುತ್ತದೆ, ನಮ್ಮದು ಅದೇ ಜೀಪಿನಲ್ಲಿ ಬರುತ್ತದೆ. ಬುಧವಾರ ರಾತ್ರಿ ನಾನೇ ಅದನ್ನು ಚಾರ್ಜಿಗೆ ಹಾಕಿ, ಸೀಟು ಮೂರು ಬೆರಳು ಇಳಿಸಿಡುತ್ತೇನೆ. ಗುರುವಾರದ ಮೀಟಿಂಗು ಹನ್ನೊಂದಕ್ಕೆ, ಫೋನಿನಲ್ಲಿ. ನಾನು ಎಂಟರ ಬಸ್ಸಿಗೆ ಹಾಸನಕ್ಕೆ ಹೋಗುತ್ತೇನೆ.