ರಜೆಯ ದಿನದ ಗಿರಾಕಿಗಳು

ಕರೆದುಕೊಂಡು ಹೋಗುವುದು ತಪ್ಪೋ, ಹೋಗದೆ ಸುಮ್ಮನಿರುವುದು ತಪ್ಪೋ? ಇವತ್ತು ಅಂಗಡಿಗೆ ವಾರದ ರಜೆ. ಬೀಗದ ಕೈ ನನ್ನ ಜೇಬಿನಲ್ಲೇ ಇದೆ. ಧೂಳು ಹೊಡೆಯಲು ರಜೆಯ ದಿನವೂ ಒಂದು ಗಳಿಗೆ ಹೋಗಿಬರುವುದು ಇದ್ದದ್ದೇ. ಒಬ್ಬನೇ ಹೋಗಬೇಕು ಅಂತ ಯಾರೂ ಹೇಳಿಲ್ಲ. ಆದರೆ ಸಂಸಾರ ಕಟ್ಟಿಕೊಂಡು ಹೋಗು ಅಂತಲೂ ಯಾರೂ ಹೇಳಿಲ್ಲವಲ್ಲ...

ಮಂಚದಣ್ಣ ಹಲ್ಲುಜ್ಜುತ್ತ ಹೀಗೆ ಯೋಚಿಸುತ್ತಿದ್ದ. ಹಲ್ಲು ಸವೆಯಿತೇ ಹೊರತು ಅನುಮಾನ ಸವೆಯಲಿಲ್ಲ.

ಪೀಠೋಪಕರಣದ ದೊಡ್ಡ ಅಂಗಡಿಯಲ್ಲಿ ಅವನು ಗಿರಾಕಿಗಳಿಗೆ ಮಂಚ ತೋರಿಸುವವನು. ಅದಕ್ಕೇ ಬೀದಿಯವರು ಇಟ್ಟ ಹೆಸರು ಮಂಚದಣ್ಣ. ಮನೆಯಲ್ಲಿ ಮಾತ್ರ ಮಂಚವಿರಲಿಲ್ಲ. ಇರುವ ಒಂದೇ ಕೋಣೆಯಲ್ಲಿ ಅವನು, ಹೆಂಡತಿ, ಮಗಳು, ಅತ್ತೆ ನಾಲ್ವರೂ ರಾತ್ರಿ ಚಾಪೆ ಬಿಡಿಸಿಕೊಳ್ಳುತ್ತಿದ್ದರು, ಬೆಳಿಗ್ಗೆ ಸುತ್ತಿ ಗೋಡೆಗೆ ಒರಗಿಸುತ್ತಿದ್ದರು. ಅಂಗಡಿಯಲ್ಲಿ ಹಗಲೆಲ್ಲ ಸುರಿದ ಮಾತು ಮನೆ ಮುಟ್ಟುವ ಹೊತ್ತಿಗೆ ತಳ ಕೆರೆದ ಪಾತ್ರೆಯಾಗಿರುತ್ತಿತ್ತು. ಊಟಕ್ಕೆ ಬಡಿಸಿದರೆ "ಸಾಕು" ಅನ್ನುವುದೇ ಅವನ ದೊಡ್ಡ ಭಾಷಣ.

ಶಾಲೆಗೆ ರಜೆ ಬಂದು ಬೀದಿಯ ಮಕ್ಕಳೆಲ್ಲ ಚೀಲ ಏರಿಸಿಕೊಂಡು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಮಗಳು ಹೊಸ್ತಿಲ ಮೇಲೆ ಕೂತು ಎಲ್ಲರಿಗೂ ಕೈ ಬೀಸುತ್ತಿದ್ದಳು. ಅಳಲಿಲ್ಲ, ಹಟ ಮಾಡಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿ. ಹಟ ಮಾಡಿದ್ದರೆ ಗದರಿ ಕೈ ತೊಳೆದುಕೊಳ್ಳಬಹುದಿತ್ತು.

"ಎಲ್ಲಿಗಾದ್ರೂ ಹೋಗೋಣ್ವಾ ಪುಟ್ಟಿ?" ಎಂದು ಕೇಳಿದ್ದ.

"ಬೇಡ ಬಿಡಪ್ಪ. ನಿಂಗೆ ಸುಸ್ತಾಗಿರುತ್ತೆ."

ಎಂಟು ವರ್ಷದ ಮಗುವಿನ ಆ ಸಮಾಧಾನ ಅವನ ಎದೆಯ ಮೇಲೆ ಕಬ್ಬಿಣದ ಬೀರುವಿನಂತೆ ಬಂದು ಕೂತಿತು.

ಪಕ್ಕದ ಮನೆಯ ಪುಕ್ಕಟೆ ಮಾಮ ಸುಮ್ಮನಿರಲಿಲ್ಲ. ಕೆಲಸದಿಂದ ನಿವೃತ್ತನಾದ ಮೇಲೆ ಖರ್ಚಿಲ್ಲದ ಸುಖಗಳ ಸಂಶೋಧನೆಗೆ ಇಳಿದಿದ್ದ ಮನುಷ್ಯ. "ರೈಲು ಹತ್ತೋದಕ್ಕೆ ತಾನೇ ದುಡ್ಡು? ನೋಡೋಕೆ ಪುಕ್ಕಟೆ ಕಣಯ್ಯ!" ಎಂದ. ರೈಲು ನೋಡಿ ಬಂದರು. ಕೈ ಬೀಸಿ ಕಳಿಸುವ ಕೆಲಸ ಮಗಳಿಗೆ ಅಲ್ಲೂ ತಪ್ಪಲಿಲ್ಲ. "ಉದ್ಯಾನದಲ್ಲಿ ಗಾಳಿ ಪುಕ್ಕಟೆ" ಎಂದ. ಅಲ್ಲಿ ಅತ್ತೆ ಹೊಸದಾಗಿ ಬಣ್ಣ ಬಳಿದ ಬೆಂಚಿನ ಮೇಲೆ ಕೂತು, ಬೆನ್ನ ಮೇಲೆ ಹಸಿರು ಪಟ್ಟೆ ಹೊತ್ತುಕೊಂಡು ಬಂದಳು. ಅದೂ ಪುಕ್ಕಟೆಯೇ.

ಹಾಗಾಗಿ ಅಂಗಡಿಯ ಮಾದರಿ ಮನೆಯ ಯೋಚನೆ ಬಂದದ್ದು. ಮೇಲಿನ ಮಹಡಿಯಲ್ಲಿ ಹಜಾರ, ಅಡಿಗೆಮನೆ, ಮಲಗುವ ಕೋಣೆ, ಮಕ್ಕಳ ಕೋಣೆ ಎಲ್ಲ ಜೋಡಿಸಿ, ಗಿರಾಕಿಗಳಿಗೆ ಆಸೆ ಹುಟ್ಟಿಸಲು ಒಂದು ಮನೆಯನ್ನೇ ಮಾಡಿಟ್ಟಿದ್ದರು. ಮಗಳು ಹಿಂದೊಮ್ಮೆ ಕೇಳಿದ್ದಳು: "ಅಲ್ಲಿ ಮಕ್ಕಳ ಕೋಣೇಲಿ ಯಾರು ಮಲಗ್ತಾರಪ್ಪ?" ಯಾರೂ ಇಲ್ಲ ಎಂದಿದ್ದ. "ಪಾಪ" ಎಂದಿದ್ದಳು. ಕೋಣೆಗೆ ಅಂದಳೋ, ಯಾರಿಗೆ ಅಂದಳೋ.

ಬಾಯಿ ಮುಕ್ಕಳಿಸಿ ಒಳಗೆ ಬಂದು, "ಎಲ್ಲರೂ ಹೊರಡಿ. ಒಳ್ಳೆ ಬಟ್ಟೆ ಹಾಕ್ಕೊಳ್ಳಿ" ಎಂದ.

ಅತ್ತೆ ಪೆಟ್ಟಿಗೆಯ ತಳದ ರೇಷ್ಮೆ ತೆಗೆದಳು. ಬೀದಿಗೆ ಕಾಲಿಡುವಷ್ಟರಲ್ಲಿ ಪುಕ್ಕಟೆ ಮಾಮ ಕೋಟು ಹಾಕಿಕೊಂಡು ಪ್ರತ್ಯಕ್ಷ. "ಎಲ್ಲಿಗಾದರೂ ಸರಿ, ದುಡ್ಡಿಲ್ಲ ತಾನೇ? ನಾನೂ ಬಂದೆ."

ಅಂಗಡಿಯ ಹಿಂಬಾಗಿಲಿಂದ ಹತ್ತಿಸಿ, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡಿಸಿ, ಮಹಡಿಯ ದೀಪ ಹಾಕಿದ. ಕಿಟಕಿಯಾಚೆ ಬಣ್ಣದಲ್ಲಿ ಬರೆದ ಸಮುದ್ರವಿತ್ತು. ಹೆಂಡತಿ ಅಡಿಗೆಮನೆಯ ನಲ್ಲಿ ತಿರುಗಿಸಿ, ನೀರು ಬಾರದಿರಲು, "ನಮ್ಮನೆ ಹಾಗೇ ಇದೆ" ಎಂದು ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ, ಅವನಿಗೆ ನೆನಪಾಗಲಿಲ್ಲ. ಅತ್ತೆ ತಟ್ಟೆಯಲ್ಲಿದ್ದ ಸೇಬು ಕಚ್ಚಿ, "ಅಳಿಯಂದ್ರೇ, ಇದು ಪ್ಲಾಸ್ಟಿಕ್ಕು!" ಎಂದು ಕೂಗಿದಳು. ಹಲ್ಲಿನ ಗುರುತು ಬಿದ್ದಿತ್ತು. ಅದು ಕಾಣದಂತೆ ಮಂಚದಣ್ಣ ಸೇಬನ್ನು ತಿರುಗಿಸಿಟ್ಟ. ಪುಕ್ಕಟೆ ಮಾಮ ಹಿಂದಕ್ಕೆ ಬಾಗುವ ಕುರ್ಚಿಯಲ್ಲಿ ಕೂತು ಯಾವುದೋ ಹಿಡಿ ಎಳೆದ. ಕುರ್ಚಿ ಅವನನ್ನು ಅಂಗಾತ ಕೆಡವಿಕೊಂಡಿತು. ಏಳಲು ಬಾರದೆ ಅವನು ಹಾಗೇ ನಿದ್ದೆ ಹೋದ.

ಮಗಳು ಮಕ್ಕಳ ಕೋಣೆಯ ಬಾಗಿಲಲ್ಲೇ ನಿಂತಿದ್ದಳು.

"ಹೋಗು ಪುಟ್ಟಿ. ಮಲಗು."

"ಬೈತಾರಾ?"

"ಇವತ್ತು ಯಾರೂ ಇಲ್ಲ."

ಮೆಲ್ಲಗೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತಳು, ಆಮೇಲೆ ಮಲಗಿದಳು, ಆಮೇಲೆ ಕೈಕಾಲು ನಾಲ್ಕೂ ದಿಕ್ಕಿಗೆ ಚಾಚಿದಳು. ಎಲ್ಲಿ ಚಾಚಿದರೂ ಯಾರ ಮೈಯೂ ತಾಗಲಿಲ್ಲ. ಅದೇ ಒಂದು ಆಟವೆಂಬಂತೆ ಮತ್ತೆ ಮತ್ತೆ ಚಾಚಿದಳು. ಅವನು ನೋಡುತ್ತ ನಿಂತ.

"ನೀವೂ ಕೂತ್ಕೊಳ್ಳಿ ರೀ" ಎಂದಳು ಹೆಂಡತಿ ಸೋಫಾದಿಂದ.

ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಕೆಲಸದವರು ಮಾರುವ ಸಾಮಾನಿನ ಮೇಲೆ ಕೂರುವಂತಿಲ್ಲ. ಹಾಸಿಗೆಯ ಮೇಲೆ ಕಣ್ಣು ಮುಚ್ಚಿದ ಕಾವಲುಗಾರನನ್ನು ಮಾಲೀಕರು ಅವನು ಕಣ್ಣು ಬಿಡುವಷ್ಟರಲ್ಲಿ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಸೇರಿದಂದಿನಿಂದ ಮಂಚದಣ್ಣ ಇಲ್ಲಿ ಕೂತವನಲ್ಲ. ಇವತ್ತು ಸುತ್ತ ನೋಡಿ, ಮೊಣಕಾಲು ಬಗ್ಗಿಸಿ, ಅರ್ಧ ಇಳಿದ.

ಕೆಳಗಿನಿಂದ ಕೆಮ್ಮು ಕೇಳಿಸಿತು. ಮಾಲೀಕರ ಕೆಮ್ಮು! ಸಾವಿರ ಕೆಮ್ಮಿನಲ್ಲೂ ಗುರುತು ಹಿಡಿಯಬಲ್ಲ ಕೆಮ್ಮು. ಮೆಟ್ಟಿಲು ಒಂದೊಂದಾಗಿ ನರಳಿತು. ಮಂಚದಣ್ಣ ಕೂರಲೂ ಆಗದೆ ಏಳಲೂ ಆಗದೆ ಗಾಳಿಯಲ್ಲಿ ಕುರ್ಚಿ ಇದ್ದವನಂತೆ ನಿಂತುಬಿಟ್ಟ. ನಿಜ ಹೇಳಿಬಿಡುವುದೇ? ಕೆಲಸ ಹೋದರೆ? ಮಗಳ ಎದುರಿಗೇ ಬೈದರೆ?

ಮಾಲೀಕರ ತಲೆ ಕಾಣಿಸಿತು. ಆಗ ಅವನ ಬಾಯಿ ಅವನನ್ನು ಕೇಳದೆ ತಾನೇ ಮಾತಾಡಿತು. ಸೋಫಾದ ಮೇಲೆ ಯಾರು ಕೂತಿದ್ದರೂ ಎದುರು ನಿಂತವನು ಹೇಳಬೇಕಾದ್ದನ್ನು ಆ ಬಾಯಿ ವರ್ಷಗಟ್ಟಲೆ ಹೇಳಿತ್ತು.

"ಗಟ್ಟಿ ಮರದ್ದು ಮೇಡಂ. ಮೂರು ತಲೆಮಾರು ಕೂತರೂ ಕಿರ್ ಅನ್ನಲ್ಲ. ಬಟ್ಟೆ ಬಣ್ಣ ನಿಮ್ಮಿಷ್ಟ."

ಹೆಂಡತಿ ಕಣ್ಣರಳಿಸಿದಳು. ಮಾಲೀಕರ ಮುಖ ಇನ್ನೂ ಹೆಚ್ಚು ಅರಳಿತು.

"ಗಿರಾಕಿಗಳಾ? ರಜೆ ದಿನ?"

"ಬಾಗಿಲಲ್ಲಿ ನಿಂತಿದ್ರು ಸಾರ್. ಧೂಳು ಹೊಡಿಯೋಕೆ ಬಂದೆ. ವಾಪಸ್ ಕಳಿಸೋಕೆ ಮನಸ್ಸಾಗಲಿಲ್ಲ."

"ಭೇಷ್! ನಾನೋ, ಮನೇಲಿ ಮೊಮ್ಮಕ್ಕಳ ಗಲಾಟೆ ತಡೀಲಾರದೆ ಇಲ್ಲಿ ಒಂಚೂರು ಮಲಗೋಣ ಅಂತ ಬಂದೆ." ಮಾಲೀಕರು ಅತ್ತೆಯ ರೇಷ್ಮೆ ನೋಡಿ ನಡು ಬಗ್ಗಿಸಿದರು. "ಬನ್ನಿ ಅಮ್ಮಾ, ಎಲ್ಲ ನಿಮ್ಮದೇ ಅನ್ಕೊಳ್ಳಿ."

ಹೆಂಡತಿಗೆ ನಾಲಗೆ ಅಂಟಿಕೊಂಡಿತು. ಅತ್ತೆ ಹಾಗಾಗುವ ಪೈಕಿಯಲ್ಲ. ಅಳಿಯನನ್ನು ಅವನ ಮಾಲೀಕರ ಮುಂದೆಯೇ ವಿಚಾರಿಸಿಕೊಳ್ಳುವ ಯೋಗ ಯಾವ ಅತ್ತೆಗೆ ಸಿಕ್ಕೀತು?

"ಸಾಮಾನೇನೋ ಚೆನ್ನಾಗಿದೆ. ಈ ಮನುಷ್ಯ ಮಾತ್ರ ಪೆದ್ದ. ಇಂಥವನನ್ನ ಯಾಕ್ರೀ ಇಟ್ಕೊಂಡಿದ್ದೀರಿ?"

"ಏನ್ಮಾಡೋದಮ್ಮಾ, ಪಾಪ, ಸಂಸಾರಸ್ಥ."

"ಅವನ ಹೆಂಡತಿ ಪಾಡು ದೇವರಿಗೇ ಪ್ರೀತಿ ಬಿಡಿ."

"ಅಮ್ಮಾ!" ಎಂದಳು ಹೆಂಡತಿ.

"ಮಗಳಿಗೆ ಕರುಣೆ ಜಾಸ್ತಿ" ಎಂದು ಅತ್ತೆ ಮಾಲೀಕರಿಗೆ ವಿವರಿಸಿದಳು.

ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದ ಕೋಟನ್ನು ಮಾಲೀಕರು ಗೌರವದಿಂದ ನೋಡಿದರು. "ಇವರು?"

"ನಮ್ಮ ಪೈಕಿಯವರು. ಖರ್ಚಿನ ವಿಷಯದಲ್ಲಿ ಅವರ ಮಾತೇ ಕೊನೆ" ಎಂದಳು ಅತ್ತೆ. ಅವಳು ಆವತ್ತು ಆಡಿದ ಒಂದೇ ನಿಜ ಅದು.

ಮಾಲೀಕರು ಮಕ್ಕಳ ಕೋಣೆಗೆ ನಡೆದರು. ಮಂಚದಣ್ಣನ ಜೀವ ಅವರ ಹಿಂದೆಯೇ ಹೋಯಿತು. ಈಗ ಮಗಳು "ಅಪ್ಪಾ" ಅಂದುಬಿಟ್ಟರೆ? ಅಂದುಬಿಡಲಿ, ಅಂತಲೂ ಒಳಗೆಲ್ಲೋ ಅನ್ನಿಸಿತು.

ಮಗಳು ಎದ್ದು ಕೂತಿದ್ದಳು. ಆಚೆಯ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಇಷ್ಟ ಆಯ್ತಾ ಮರಿ? ನಿಮ್ಮಪ್ಪ ಬಂದಿಲ್ವಾ?"

ಅವಳು ಮಾಲೀಕರ ಹೆಗಲಾಚೆ ಅವನನ್ನು ನೋಡಿದಳು.

"ಅಪ್ಪ ಊರಲ್ಲಿಲ್ಲ."

"ಏನ್ ಕೆಲಸ ಅಪ್ಪಂಗೆ?"

"ತುಂಬ ಕೆಲಸ" ಎಂದಳು.

ಮಾಲೀಕರು ಗಹಗಹಿಸಿ ನಕ್ಕರು. "ದೊಡ್ಡ ಮನುಷ್ಯರು ಅನ್ನು! ಏಯ್, ಈ ಮಗೂಗೆ ಮಂಚದ ಗುಣ ಹೇಳಯ್ಯ, ಅವಳೇ ಆರಿಸ್ಲಿ."

ಮಂಚದಣ್ಣ ಹೇಳಿದ. ಮೊದಮೊದಲು ತಡವರಿಸಿದ, ಆಮೇಲೆ ಮಾತು ಹರಿಯಿತು. ಯಾವ ಮರ, ಅದು ಕಾಡಿನಲ್ಲಿ ಹೇಗೆ ನಿಂತಿರುತ್ತೆ, ಮೂಲೆಗಳನ್ನು ಯಾಕೆ ದುಂಡಗೆ ತಿದ್ದಿದ್ದಾರೆ, ನಿದ್ದೆಯಲ್ಲಿ ಹೊರಳಿದರೆ ಬೀಳದ ಹಾಗೆ ಪಟ್ಟಿ ಎಲ್ಲಿದೆ, ಕನಸು ಬಿದ್ದು ಎಚ್ಚರಾದರೆ ಕೈಗೆ ಸಿಗುವಂತೆ ದೀಪ ಎಲ್ಲಿದೆ. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಅಪ್ಪನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಅವಳು ಕೇಳಿರಲೇ ಇಲ್ಲ.

"ಚೆನ್ನಾಗಿದೆ ಅಂಕಲ್. ಯೋಚಿಸಿ ಹೇಳ್ತೀವಿ" ಎಂದಳು, ದೊಡ್ಡವರು ಹೇಳುವ ಹಾಗೆ.

ಹೊರಡುವಾಗ ಮಾಲೀಕರು ತಾವೇ ಕಾರಿನಲ್ಲಿ ಬಿಡುತ್ತೇನೆಂದು ಹಟ ಹಿಡಿದರು. ಪುಕ್ಕಟೆ ಮಾಮನನ್ನು ಕುರ್ಚಿಯಿಂದ ಕಿತ್ತೆಬ್ಬಿಸಿದ್ದಾಯಿತು. ಕಾರು ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ಏನು ಎತ್ತ ಕೇಳದೆ ಹೋಗಿ ಮುಂದಿನ ಸೀಟಿನಲ್ಲಿ ಕೂತ. ಮೆಟ್ಟಿಲ ಬುಡದಲ್ಲಿ ಮಗಳು ಚಪ್ಪಲಿ ಹುಡುಕುತ್ತಿದ್ದಳು.

"ನೋಡ್ತಾ ನಿಂತಿದ್ದೀಯಲ್ಲ, ಮಗೂಗೆ ಚಪ್ಪಲಿ ಹಾಕಯ್ಯ" ಎಂದರು ಮಾಲೀಕರು.

ಮಂಚದಣ್ಣ ಮಂಡಿಯೂರಿ ಮಗಳ ಚಪ್ಪಲಿಯ ಪಟ್ಟಿ ಬಿಗಿದ. ಮನೆಯಲ್ಲಿ ಅವಳು ತಾನೇ ಹಾಕಿಕೊಳ್ಳುತ್ತಿದ್ದಳು. ಅವಳ ಕೈ ಒಂದು ಕ್ಷಣ ಅವನ ತಲೆಯ ಮೇಲೆ ನಿಂತಿತು. ಬೀಳದಿರಲು ಆಸರೆಗೆ ಇಟ್ಟಿದ್ದಳೋ ಏನೋ.

"ಥ್ಯಾಂಕ್ಸ್ ಅಂಕಲ್."

ಕಾರು ಹೋಯಿತು. ಅವನು ಮೇಲೆ ಹೋಗಿ ಧೂಳು ಹೊಡೆದ. ಮಗಳು ಮಲಗಿದ್ದ ಕಡೆ ಹಾಸಿಗೆ ಸ್ವಲ್ಪ ತಗ್ಗಿತ್ತು. ಹೊದಿಕೆ ಎಳೆದು ಸಮ ಮಾಡಬೇಕಿತ್ತು. ಕೊನೆಗೆ ಮಾಡಿದ.

ನಡೆದು ಮನೆ ಸೇರಿದಾಗ ಸಂಜೆಯಾಗಿತ್ತು. ಹೊಸ್ತಿಲ ಮೇಲೆ ಮಗಳ ಸುತ್ತ ಬೀದಿಯೇ ನೆರೆದಿತ್ತು.

"ಅಪ್ಪಾ!" ಎಂದು ಓಡಿ ಬಂದಳು. "ಕಾರಲ್ಲಿ ಐಸ್‌ಕ್ರೀಮ್ ಕೊಡಿಸಿದ್ರು. ಅಜ್ಜಿ ಯಾರದೋ ದೊಡ್ಡ ಮನೆ ತೋರಿಸಿ ಅಲ್ಲೇ ಇಳಿಸಿ ಅಂದ್ಳು, ನಾಯಿ ಅಟ್ಟಿಸ್ಕೊಂಡು ಬಂತು, ಮಾಮ ಕಾಂಪೌಂಡ್ ಹತ್ತಿದ್ರು!" ಉಸಿರು ತೆಗೆದುಕೊಂಡಳು. "ಎಷ್ಟು ಚೆನ್ನಾಗಿತ್ತಪ್ಪಾ ಇವತ್ತು."

ಅವನ ಎದೆಯ ಮೇಲಿದ್ದ ಬೀರು ಸ್ವಲ್ಪ ಸರಿಯಿತು. ನಕ್ಕ ಕೂಡ.

"ಇನ್ನೂ ಒಂದಿದೆ! ಮತ್ತೆ ಯಾವಾಗ ಬರ್ತೀಯ ಮರಿ ಅಂತ ಕೇಳಿದ್ರು. ನಮಗೆ ಬರೋಕಾಗೋದು ನಿಮ್ಮಂಗಡಿ ಮುಚ್ಚಿರೋ ದಿನಾನೇ ಅಂದೆ. ನಿನಗೋಸ್ಕರ ಇನ್ಮೇಲೆ ಮುಚ್ಚೋದೇ ಇಲ್ಲ ಅಂದ್ರು!"

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಕೇಳಯ್ಯ," ಮಾಲೀಕರ ದನಿ. "ಮುಂದಿನ ವಾರದಿಂದ ವಾರದ ರಜೆ ಇಲ್ಲ. ದೊಡ್ಡ ಕುಳ ಸಿಕ್ಕಿದೆ, ಬಿಡಬಾರದು. ಹೇಗೂ ನೀನು ಧೂಳು ಹೊಡಿಯೋಕೆ ಬಂದೇ ಬರ್ತೀಯಲ್ಲ, ದಿನವಿಡೀ ಇದ್ದುಬಿಡು. ನನಗೂ ಮನೇಲಿ ಗಲಾಟೆ."

"ಆಗ್ಲಿ ಸಾರ್."

"ಯಾರಪ್ಪಾ?"

"ಅಂಗಡಿಯವರು."

ಮಗಳು ಅವನ ಬೆರಳು ಹಿಡಿದುಕೊಂಡಳು. ಈ ರಜೆಯಲ್ಲಿ ಅವಳು ಬಾಯಿಬಿಟ್ಟು ಏನನ್ನಾದರೂ ಬೇಕೆಂದು ಕೇಳಿದ್ದು ಇದೇ ಮೊದಲು.

"ಮುಂದಿನ ಸಲ ನೀನು ಅಂಕಲ್ ಆಗ್ಬೇಡಪ್ಪಾ. ನಮ್ಮ ಜೊತೆ ಅಪ್ಪ ಆಗಿ ಬಾ. ಬರ್ತೀಯಲ್ವಾ?"

"ಹೂಂ" ಎಂದ.

ತನಗಿದ್ದ ಒಂದೇ ಒಂದು ವಾರದ ರಜೆ ಈಗಷ್ಟೇ ಹೋಯಿತೆಂದು ಅವನು ಅವಳಿಗೆ ಹೇಳಲಿಲ್ಲ.