ಗೊಂತಾ ಎಂಬ ಆಮೆಯೂ ಊಟದ ಕರೆಯೂ

ಹೊಸ ವರ್ಷದ ಎರಡನೆಯ ದಿನ ಕುಂಚ ಹಿಡಿದು ಸಂಕಲ್ಪ ಬರೆಯುವುದು ನಮ್ಮಲ್ಲಿ ರೂಢಿ. ಪಕ್ಕದ ಮನೆಯವರು ‘ಆರೋಗ್ಯ’ ಎಂದು ಬರೆದರು. ನಾನು ಮಾರುದ್ದದ ಹಾಳೆಯ ಮೇಲೆ ‘ಹಳೆಯದೇ ಸತ್ಯ’ ಎಂದು ಬರೆದು ಗೋಡೆಗೆ ನೇತುಹಾಕಿದೆ. ಯಾರ ಮೇಲೆ ಈ ಯುದ್ಧ ಎನ್ನುತ್ತೀರಾ? ‘ಭೂತದ ಚೀಲ’ದ ರೀಮೇಕಿನ ಮೇಲೆ! ಕಾಡುಮೇಡು ಅಲೆದು, ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಈ ವಿಡಿಯೋ ಗೇಮ್ ನಮ್ಮ ಬಾಲ್ಯವನ್ನೇ ನುಂಗಿತ್ತು. ಈಗ ಅದಕ್ಕೆ ಬಣ್ಣ ಬಳಿದು, ಮೂತಿ ತೊಳೆದು ಮತ್ತೆ ಮಾರಲು ತಂದಿದ್ದಾರೆ. ನನ್ನ ಜೀವ ಇರುವತನಕ ಅದು ಈ ಮನೆಯ ಹೊಸ್ತಿಲು ತುಳಿಯಕೂಡದು ಎಂದು ಘೋಷಿಸಿದೆ.

“ಅದು ಮೊನ್ನೇನೇ ತುಳಿದಾಯ್ತು,” ಎಂದಳು ಹೆಂಡತಿ ಕಿನುಯೆ. ಕೊತಾತ್ಸು ಎಂಬ ಬಿಸಿಮೇಜಿನ ಬೆಚ್ಚನೆಯ ಹೊದಿಕೆಯೊಳಗೆ ಸೊಂಟದವರೆಗೆ ಹುದುಗಿ, ಕಿತ್ತಳೆ ಸುಲಿಯುತ್ತ, ಅದನ್ನೇ ಆಡುತ್ತಿದ್ದಳು.

“ಇದೂ ಒಂದು ಆಟವೇನೇ? ದಾರಿ ತಪ್ಪಿದ್ರೆ ಬಾಣ ತೋರಿಸುತ್ತೆ. ಸೋಲೋ ಹಾಗಿದ್ರೆ ಮೊದಲೇ ಎಚ್ಚರಿಸುತ್ತೆ. ನಮ್ಮ ಕಾಲದ ಆಟ ಯಾರ ಕೈನೂ ಹಿಡೀತಿರ್ಲಿಲ್ಲ.”

“ಅದಕ್ಕೇ ನೀವು ಆಟದೊಳಗಿನ ಆ ಕತ್ತಲೆ ಗುಹೇಲಿ ಇಡೀ ಬೇಸಿಗೆ ರಜ ಕಳೆದದ್ದು.”

“ಅದು ತಪಸ್ಸು ಕಣೇ.”

“ತಪಸ್ಸು ಮಾಡೋರು ಅಳ್ತಾ ನಮ್ಮನೆಗೆ ಫೋನ್ ಮಾಡಿ ದಾರಿ ಕೇಳಲ್ಲ.”

ಒಂದೇ ತರಗತಿಯಲ್ಲಿ ಓದಿದವಳನ್ನು ಮದುವೆಯಾದರೆ ಇದೇ ಗತಿ. ಆದರೆ ನನ್ನ ಬಳಿ ಬ್ರಹ್ಮಾಸ್ತ್ರವೊಂದಿತ್ತು. ಅದರ ಹೆಸರು ಗೊಂತಾ.

ಗೊಂತಾ ಹಳೆಯ ಆಟದೊಳಗಿನ ಒಂದು ಕಲ್ಲಾಮೆ. ನಾಲ್ಕನೇ ತರಗತಿಯಲ್ಲಿ, ಶಾಲೆಯ ಚಪ್ಪಲಿ ಗೂಡಿನ ಬಳಿ ಕೂತು, ಇಬ್ಬರ ಆಟದ ಯಂತ್ರಗಳಿಗೂ ತಂತಿ ಜೋಡಿಸಿ, ಕಿನುಯೆ ಅದನ್ನು ನನಗೆ ದಾಟಿಸಿದ್ದಳು. ಕಲ್ಲಾಮೆ ದೊಡ್ಡದಾಗುವುದು ಹೀಗೆ ಕೈ ಬದಲಾದಾಗ ಮಾತ್ರ. ಅದರ ಹೆಸರಿನ ಕೆಳಗೆ ‘ಮೊದಲ ಒಡತಿ: ಕಿನು’ ಎಂದಿತ್ತು. ನಮ್ಮ ಮದುವೆ ಕುದುರಿಸಿದವರು ಯಾರು ಎಂದು ಕೇಳಿದರೆ ಈಗಲೂ ನಾನು ಆಮೆ ಎನ್ನುತ್ತೇನೆ. ಲೋಕದಲ್ಲಿ ಗೊಂತಾನಷ್ಟು ಪ್ರಿಯವಾದದ್ದು ನನಗೆ ಇನ್ನೊಂದಿಲ್ಲ. ಹೆಂಡತಿಯನ್ನು ಬಿಟ್ಟು, ಅದೂ ಅವಳು ಕೇಳಿಸಿಕೊಳ್ಳುತ್ತಿದ್ದರೆ.

ಬೀರುವಿನಿಂದ ಹಳೆಯ ಯಂತ್ರ ತೆಗೆದೆ. ಆಟದ ಕ್ಯಾಸೆಟ್ ಹಾಕಿದರೆ ಉಸಿರಿಲ್ಲ. ಹೊರತೆಗೆದು ಉಫ್ ಎಂದು ಊದಿದೆ. ನಮ್ಮ ತಲೆಮಾರಿಗೆ ಸರ್ವರೋಗಕ್ಕೂ ಅದೇ ಮದ್ದು. ಪರದೆ ಬೆಳಗಿತು. ಗೊಂತಾ ಕಲ್ಲಿನ ಹಾಗೆ ಕೂತಿದ್ದ.

“ಅಯ್ಯೋ, ಇನ್ನೂ ಇದ್ದಾನಾ ಇವ್ನು?” ಎಂದು ಕಿನುಯೆ ತನ್ನ ಆಟ ಕೆಳಗಿಟ್ಟು ಹತ್ತಿರ ಬಂದಳು. ಅವಳ ದನಿಯೇ ಮೆತ್ತಗಾಗಿತ್ತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಗೆದ್ದ ಮದ ನೆತ್ತಿಗೇರಿತ್ತಲ್ಲ! “ಆರಂಭದ ದೃಶ್ಯದ ಗಾಂಭೀರ್ಯ ನೋಡು,” ಎಂದು ಆಟವನ್ನು ಮೊದಲಿನಿಂದ ಶುರು ಮಾಡಿದೆ.

“ಹಳೇದು ಅಳಿಸಿ ಹೋಗಲ್ವಾ?”

“ಸೇವ್ ಮಾಡಿದ್ರೆ ತಾನೇ ಹೋಗೋದು? ಯಾರಿಗೆ ಪಾಠ ಹೇಳ್ತಿದ್ದೀಯ?”

ಅವಳು ಮೋಚಿ ಎಂಬ ಅಕ್ಕಿ ಕಡುಬು ಹಾಕಿದ ಹಬ್ಬದ ಸಾರು ಬಿಸಿ ಮಾಡಲು ಅಡುಗೆಮನೆಗೆ ಹೋದಳು. ನಾನು ಆಟದಲ್ಲಿ ಮುಳುಗಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆ ಬಂತು: “ಊಟಕ್ಕೆ ಬನ್ನಿ, ಮೋಚಿ ಗಟ್ಟಿಯಾಗುತ್ತೆ.”

ನಮ್ಮಮ್ಮ ಊಟಕ್ಕೆ ಒಂದೇ ಸಲ ಕರೆಯುತ್ತಿದ್ದಳು. ಎರಡನೇ ಸಲ ಬರುತ್ತಿದ್ದದ್ದು ಅವಳ ಕೈ. ಹಾಗಾಗಿ ‘ಊಟ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಹೆಬ್ಬೆರಳು ಸೇವ್ ಮಾಡುತ್ತದೆ, ಯಂತ್ರ ಆರುತ್ತದೆ, ಕಾಲು ಓಡುತ್ತದೆ. ಮೆದುಳಿಗೆ ಇದರಲ್ಲಿ ಏನೂ ಕೆಲಸವಿಲ್ಲ.

ಮೋಚಿ ಬಾಯಿಗಿಟ್ಟ ಮೇಲೆ ಹೆಬ್ಬೆರಳು ಮಾಡಿದ್ದು ನೆನಪಾಯಿತು. ಓಡಿಹೋಗಿ ನೋಡಿದರೆ, ಚೀಲದಲ್ಲಿ ಆಗಷ್ಟೇ ಸಿಕ್ಕ ಒಂದು ಕೋಳಿಮರಿ. ಗೊಂತಾ ಇಲ್ಲ.

“ಒಂದು ಮಾತೂ ಕೇಳಲಿಲ್ವಲ್ಲೇ ಈ ಹಾಳು ಆಟ!”

“ಯಾರ ಕೈನೂ ಹಿಡಿಯಲ್ಲ ಅಂದ್ರಲ್ಲ ನೀವೇ. ರೀಮೇಕ್ ಆಗಿದ್ರೆ ಮೂರು ಸಲ ಕೇಳ್ತಿತ್ತು.”

ನಾನು ನಿಜಕ್ಕೂ ಅತ್ತುಬಿಟ್ಟೆ. ಅವಳು ನಗಲಿಲ್ಲ, ಅದಂತೂ ಇನ್ನೂ ಸಂಕಟವಾಯಿತು. ತನ್ನ ಯಂತ್ರ ತಂದು ಮುಂದೆ ಹಿಡಿದಳು. ರೀಮೇಕಿನಲ್ಲಿ ಒಂದು ಪುಟ್ಟ ಕಲ್ಲಾಮೆ. ಹೆಸರು ಗೊಂತಾ.

“ಮೊನ್ನೆ ಹಿಡಿದೆ. ನಿಮಗೇ ದಾಟಿಸೋಣ ಅಂತ ಇಟ್ಕೊಂಡಿದ್ದೆ. ಆದ್ರೆ ನಿಮ್ಮ ಹತ್ರಾನೂ ರೀಮೇಕ್ ಇರ್ಬೇಕು.”

“ಸತ್ರೂ ತರಲ್ಲ,” ಎಂದೆ.

ಮರುದಿನ ಬೆಳಿಗ್ಗೆ ಮಫ್ಲರನ್ನು ಕಣ್ಣಿನವರೆಗೆ ಸುತ್ತಿಕೊಂಡು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ.

ಮಧ್ಯಾಹ್ನ ಕೊತಾತ್ಸುವಿನ ಆಚೆ ಅವಳು, ಈಚೆ ನಾನು. ಗೊಂತಾ ದಾಟಿ ಬಂದ, ಮೈ ಕೊಡವಿ ದೊಡ್ಡವನಾದ. ‘ಮೊದಲ ಒಡತಿ: ಕಿನು.’ ಆ ಸಾಲನ್ನು ಎರಡು ಸಲ ಓದಿದೆ. ಆದರೂ ಬಿಡಲಿಲ್ಲ.

“ರೀಮೇಕ್ ಬಗ್ಗೆ ನನ್ನ ಅಭಿಪ್ರಾಯ ಕಿಂಚಿತ್ತೂ ಬದಲಾಗಿಲ್ಲ. ನಾನು ಕೊಂಡದ್ದು ಆಮೇನ, ಆಟಾನ ಅಲ್ಲ.”

ಕಿನುಯೆ ಗೋಡೆಯ ಕಡೆ ನೋಡಿದಳು. “ಸಂಕಲ್ಪದ ಹಾಳೆಗಳನ್ನ ಗುಡೀಲಿ ಹಚ್ಚೋ ಬೆಂಕಿಗೆ ಹಾಕೋದು ಹದಿನೈದನೇ ತಾರೀಕು. ಪಾಪ, ನಿಮ್ಮದು ಮೊದಲೇ ಬೂದಿಯಾಯ್ತು.”

ನಾನು ಆಗಲೇ ಆಟದೊಳಗೆ ಇಳಿದಿದ್ದೆ. ಗುಹೆಯಲ್ಲಿ ಬಾಣ ದಾರಿ ತೋರಿಸುತ್ತಿತ್ತು. ಸಾರಿನ ಪರಿಮಳ ಬಂದಾಗಲೇ ತಲೆ ಎತ್ತಿದ್ದು. ಕೈಯಲ್ಲಿ ಸೌಟು ಹಿಡಿದು ಕಿನುಯೆ ಊಟಕ್ಕೆ ಕರೆಯದೆ ಬಾಗಿಲಲ್ಲಿ ನಿಂತಿದ್ದಳು.

“ಏನೇ?”

“ಏನಿಲ್ಲ. ಮೊದಲು ಆ ಯಂತ್ರ ಕೆಳಗಿಡಿ,” ಎಂದಳು. “ಆಮೇಲೆ ಕರೀತೀನಿ.”