ಮುಯ್ಯಿಗೆ ಹೊತ್ತ ಮಂಕರಿ

ನನ್ನ ಓದು ಎರಡನೇ ಕ್ಲಾಸಿಗೇ ನಿಂತಿತು. ಬುದ್ಧಿ ನಿಲ್ಲಲಿಲ್ಲ. ಅದಕ್ಕೇ ನಮ್ಮ ಅಕ್ಕಿ ಗಿರಣಿಗೆ ಕೂಲಿ ಹೆಂಗಸರ ಕಷ್ಟ ವಿಚಾರಿಸುವ ಸಂಸ್ಥೆಯ ಮೇಡಂ ಒಬ್ಬರು ಬಂದು, "ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು ಅಂತ ನೀವೇ ಹೇಳಿ" ಎಂದಾಗ, ಎಲ್ಲರಿಗಿಂತ ಮೊದಲು ಬಾಯಿ ತೆರೆದವಳು ನಾನು.

ನರಸೀಪುರದ ಆಚೆ ಇರುವ ನಮ್ಮ ಗಿರಣಿಯಲ್ಲಿ ಹೆಂಗಸರಿಗೆ ಮೂರು ಥರದ ಕೆಲಸ. ಬೇಯಿಸಿದ ಭತ್ತವನ್ನು ಸಿಮೆಂಟು ಕಣದಲ್ಲಿ ಹರಡಿ, ಬಿಸಿಲಲ್ಲಿ ಕಾಲಿನಿಂದ ಕೆದಕುತ್ತಾ ಒಣಗಿಸುವುದು ಒಂದು. ಒಣಗಿದ್ದನ್ನು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು, ಮೆಟ್ಟಿಲು ಹತ್ತಿ ಮಿಷನ್ನಿನ ಬಾಯಿಗೆ ಸುರಿಯುವುದು ಇನ್ನೊಂದು. ಶೀಟಿನ ನೆರಳಲ್ಲಿ ಕಾಲು ಚಾಚಿ ಕೂತು, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವುದು ಮೂರನೆಯದು. ನೆರಳು ಸಾಕಮ್ಮನದು, ಮಂಕರಿ ನನ್ನದು. ಹಾಗೆಂದು ಹಂಚಿದವನು ಯಾವನೋ ಗೊತ್ತಿಲ್ಲ. ಅವನಿಗೆ ಕತ್ತು ಇದ್ದಿರಲಾರದು.

ನನಗೆ ಇದೆ. ಆಸ್ಪತ್ರೆಯ ಡಾಕ್ಟರು ಅದನ್ನು ಹಿಂಡಿ ನೋಡಿ, "ಇನ್ನು ತಲೆ ಮೇಲೆ ಭಾರ ಹೊತ್ತರೆ ಕೈಯೂ ಬಿದ್ದುಹೋಗುತ್ತೆ" ಅಂದಿದ್ದರು. ಹೊರದಿದ್ದರೆ ಗಿರಣಿಯಲ್ಲಿ ನನಗೇನು ಕೆಲಸ? ಮನೆಯಲ್ಲಿ ಗಂಡನ ಮುಖ ನೋಡುತ್ತಾ ಕೂರಬೇಕು. ಅದೂ ಭಾರವೇ!

"ಅರ್ಧ ದಿನ ಹೊತ್ತವರು ಉಳಿದರ್ಧ ದಿನ ಕೂರಲಿ" ಎಂದರು ಮೇಡಂ. "ಸರದಿ ಬರೆದು ಗೋಡೆಗೆ ಅಂಟಿಸೋಣವಾ?"

"ಅದ್ಯಾಕವ್ವ? ನಾವೇನ್ ಇಸ್ಕೂಲ್ ಮಕ್ಳಾ? ಒಬ್ಳಿಗೆ ಆಗ್ನಿಲ್ಲ ಅಂದ್ರೆ ಇನ್ನೊಬ್ಳು ಮುಯ್ಯಿಗೆ ಒರ್ತಾಳೆ" ಎಂದೆ.

ಮೇಡಂಗೆ ಮುಯ್ಯಿ ಗೊತ್ತಿರಲಿಲ್ಲ. ನಾಟಿಯ ಕಾಲದಲ್ಲಿ ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಕೂಲಿ ಇಲ್ಲ, ಬರವಣಿಗೆ ಇಲ್ಲ. ಆದರೆ ಮುಯ್ಯಿ ತೀರಿಸದವಳ ಮನೆಯ ಸಾವಿಗೂ ಯಾರೂ ಬರುವುದಿಲ್ಲ. ಇಷ್ಟನ್ನು ವಿವರಿಸಿದೆ. "ಕೆಲಸಗಾರರೇ ಕಂಡುಕೊಂಡ ದಾರಿ!" ಎಂದು ಮೇಡಂ ಚಪ್ಪಾಳೆ ತಟ್ಟಿದರು. ಗಿರಣಿಯ ಯಜಮಾನರು ಆಕಳಿಸಿದರು.

"ಏನಮ್ಮಿ, ಬಾರಿ ಗೆಲುವಾಗಿದ್ದೀಯ?" ಎಂದ ನನ್ನ ಗಂಡ ಸಂಜೆ.

"ನಾಳೆಯಿಂದ ನೆಳ್ಳಲ್ಲಿ ಕುಂತ್ಕತೀನಿ ಕಣಿ."

"ಎಲ್ರೂ ನೆಳ್ಳಲ್ಲಿ ಕುಂತ್ರೆ, ಒರೋರ್ ಯಾರಮ್ಮಿ?"

ಈ ಮನುಷ್ಯ ಜೀವಮಾನದಲ್ಲಿ ಆಡಿದ ಒಂದೇ ಒಂದು ಬುದ್ಧಿವಂತಿಕೆಯ ಮಾತು ಅದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸರದಿ ಶುರುವಾಯಿತು. ಹೊರುವ ಸರದಿ ನನಗೆ ಬಂದಾಗ ಜೊತೆಯ ಮಹದೇವಿಯನ್ನು ಕರೆದೆ. "ಕತ್ತು ಇಡ್ಕೊಂಡದೆ ಕಣವ್ವ, ಇವತ್ತು ನಂದು ನೀನ್ ಒತ್ಬುಡು. ಮುಯ್ಯಿ ತೀರುಸ್ತೀನಿ." ಚಿಕ್ಕ ವಯಸ್ಸು, ಹೊತ್ತಳು. ಮುಂದಿನ ಸಲ ರತ್ನಿಗೆ ಹೇಳಿದೆ. ಆಮೇಲೆ ಮಹದೇವಿಯ ಓರಗಿತ್ತಿಗೆ. ಕೊನೆಗೆ ಸಾಕಮ್ಮನಿಗೂ! ಮೊರ ನನ್ನ ಕೈಯಲ್ಲಿ, ನೆರಳು ನನ್ನ ಮೇಲೆ. ಕತ್ತು ಕೂಡ ಸಡಿಲವಾಗಿ, ಹಕ್ಕಿ ಥರ ಎರಡೂ ಕಡೆ ತಿರುಗತೊಡಗಿತು. ಸರದಿಯ ಕೆಲಸ ಎಷ್ಟು ಒಳ್ಳೆಯದು ಎಂದು ಬಂದವರಿಗೆಲ್ಲ ಉಪದೇಶ ಮಾಡಿದೆ.

ಅಷ್ಟರಲ್ಲಿ ಮಾರ್ಲಾಮಿ ಬಂತು. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಮನೆ ಸಾರಿಸಬೇಕು, ನೆಂಟರಿಗೆ ಬೇಯಿಸಬೇಕು. ಆ ವಾರ ಯಾವ ಹೆಂಗಸಿಗೂ ಗಿರಣಿಯಲ್ಲಿ ಭಾರ ಬೇಡ. ಬೆಳಿಗ್ಗೆಯೇ ಎಲ್ಲರೂ ಒಟ್ಟಿಗೆ ನನ್ನ ಮುಂದೆ ನಿಂತರು.

"ದೊಡ್ಡವ್ವ, ನನ್ ಮುಯ್ಯಿ" ಎಂದಳು ಮಹದೇವಿ.

"ನಂದೂವೆ" ಎಂದಳು ರತ್ನಿ.

"ಒಬ್ಬೊಬ್ರೇ ಬನ್ರವ್ವ! ನಂಗಿರೋದು ಒಂದೇ ತಲೆ."

"ಇಸ್ಕೊಳೋವಾಗ ಅದು ಗೊತ್ತಿರ್ನಿಲ್ವಾ ಪುಟ್ಟಕ್ಕ?" ಎಂದಳು ಸಾಕಮ್ಮ.

ಮುಯ್ಯಿಗೆ ಇಲ್ಲ ಅನ್ನುವಂತಿಲ್ಲ. ಬೆಳಿಗ್ಗೆ ಹೊತ್ತೆ, ಮಧ್ಯಾಹ್ನ ಹೊತ್ತೆ. ಮರುದಿನವೂ ಹೊತ್ತೆ. ಹಿಂದೆ ಎಂದೂ ನಾನು ಅಷ್ಟು ಹೊತ್ತವಳಲ್ಲ. ಸುಧಾರಣೆ ಎಂದರೆ ಇದೇ ಇರಬೇಕು!

ಸರಿಯಾಗಿ ಆವತ್ತೇ ಮೇಡಂ ಫೋಟೋ ತೆಗೆಯಲು ಬಂದರು. "ಅಜ್ಜಿ, ಬೆಳಿಗ್ಗೆಯಿಂದ ನೀವೇ ಹೊರ್ತಿದ್ದೀರಂತೆ? ಯಾರು ಬಲವಂತ ಮಾಡಿದ್ದು?"

"ಯಾರೂ ಇಲ್ಲ ಕಣವ್ವ, ಅವ್ಳ ಬಾಯೇ ಮಾಡಿದ್ದು" ಎಂದಳು ಸಾಕಮ್ಮ, ನನ್ನ ಪರವಾಗಿ.

ಉತ್ತರ ಕೊಡಲೆಂದು ಮಂಕರಿಯ ಸಮೇತ ತಿರುಗಿದೆ. ಕತ್ತಿನೊಳಗೆ ಏನೋ ಲಟಕ್ಕೆಂದಿತು. ಭತ್ತವೆಲ್ಲ ಮೇಡಂ ತಲೆಯ ಮೇಲೆ!

ಯಜಮಾನರು ನಮ್ಮನ್ನೆಲ್ಲ ಸೇರಿಸಿ ತೀರ್ಪು ಕೊಟ್ಟರು. "ಕೂಲಿಯೋರ್ನ ಕೇಳಿದ್ದೇ ತಪ್ಪು. ನಾಳೆಯಿಂದ ಮೊದ್ಲು ಇದ್ದಂಗೇ."

"ಬುದ್ಧಿ, ತಪ್ಪು ನಂದು, ಸರದಿದಲ್ಲ" ಎಂದೆ. "ಅರ್ಧ ದಿನದ ಲೆಕ್ಕಾನೇ ಇರ್ಲಿ. ನನ್ ಕತ್ತು ನೋಡಿ."

"ನಿನ್ ಮಾತ್ ಕೇಳಿನೇ ಇಷ್ಟಾಯ್ತಲ್ಲ ಪುಟ್ಟಮ್ಮ. ಆಗ್ದಿದ್ರೆ ಮನೇಲಿರು."

ಮಹದೇವಿ ಬಾಯಿ ತೆರೆಯಲು ಹೋದಳು. ಅವಳ ಓರಗಿತ್ತಿ ಸೆರಗು ಜಗ್ಗಿದಳು. ಮೇಡಂ ಕೂದಲಿನಿಂದ ಭತ್ತ ಆರಿಸಿಕೊಳ್ಳುತ್ತಾ ಕಾರು ಹತ್ತಿದರು. ಆಮೇಲೆ ಬರಲಿಲ್ಲ.

ಈಗ ನನ್ನ ಕತ್ತು ಯಾವ ಕಡೆಗೂ ತಿರುಗುವುದಿಲ್ಲ. ಮಂಕರಿ ಮತ್ತೆ ತಲೆಯ ಮೇಲಿದೆ. ಮೊನ್ನೆ ನೆರಳಲ್ಲಿ ಕೂತ ಸಾಕಮ್ಮ ಸಮಾಧಾನ ಹೇಳಿದಳು: "ಒಳ್ಳೇದೇ ಆಯ್ತು ಬುಡಕ್ಕ. ಅಳ್ಳಾಡದ ಕತ್ತಿಂದ ಬತ್ತ ಚೆಲ್ಲಕಿಲ್ಲ."

ನಿಜ. ಒಂದು ಕಾಳೂ ಚೆಲ್ಲುತ್ತಿಲ್ಲ. ಯಜಮಾನರು ಮೊದಲ ಸಲ ನನ್ನ ಕೆಲಸವನ್ನು ಹೊಗಳಿದರು.